ಕೈಗೆ ಬಣ್ಣ ಅಂಟಿದರೆ ಪೇಂಟ್ ಕೆಟ್ಟಿತೇ?

ಪ್ರಶ್ನೆ: ನಮ್ಮದು ಚಿಕ್ಕ ಫೈಬರ್ ದೋಣಿ. ಯಾವಾಗಲೂ ಉಪ್ಪುನೀರಲ್ಲೇ ಕಟ್ಟಿರುತ್ತೇವೆ. ಹೋದ ವರ್ಷ ತಳಕ್ಕೆ ಆಂಟಿಫೌಲಿಂಗ್ ಪೇಂಟ್ (ಪಾಚಿ, ಚಿಪ್ಪು ಹಿಡಿಯದಂತೆ ಹಚ್ಚುವ ಪೇಂಟ್) ಹೊಡೆಸಿದ್ದೆ. ಈಗ ಮೇಲಕ್ಕೆಳೆದು ನೋಡಿದರೆ ಲೋಳೆ ಹಿಡಿದಿದೆ, ಉಜ್ಜಿದರೆ ಕೈಯೆಲ್ಲ ಕೆಂಪು. ಪೇಂಟ್ ಕಳಪೆಯಾ? ಎಲ್ಲ ಕೆರೆದು ಹೊಸದಾಗಿ ಹೊಡೆಸಬೇಕಾ?

ಉತ್ತರ: ಕೆರೆಯುವ ಮುಂಚೆ ಹಳೇ ಡಬ್ಬಿ ಹುಡುಕಿ. ಈ ಪೇಂಟಿನಲ್ಲಿ ಪಾಚಿ, ಚಿಪ್ಪನ್ನು ದೂರ ಇಡುವುದು ತಾಮ್ರ. ಇದರಲ್ಲಿ ಎರಡು ಜಾತಿ. ಒಂದು ಸವೆಯುವುದು: ಬಳಸಿದ ಸೋಪಿನ ಹಾಗೆ ಮೇಲ್ಪದರ ಕರಗುತ್ತದೆ, ಒಳಗಿನ ಹೊಸ ತಾಮ್ರ ನೀರಿಗೆ ತೆರೆದುಕೊಳ್ಳುತ್ತದೆ. ಕೈಗೆ ಬಣ್ಣ ಅಂಟುವುದು ಇದರ ಸ್ವಭಾವ. ಇನ್ನೊಂದು ಗಟ್ಟಿ ಪೇಂಟ್. ಅದರಲ್ಲಿ ತಾಮ್ರ ಸೋರಿಹೋಗುತ್ತದೆ, ಪೊರೆ ಮಾತ್ರ ಉಳಿಯುತ್ತದೆ. ನೋಡೋಕೆ ಚೆನ್ನಾಗೇ ಕಾಣುತ್ತದೆ, ಕೆಲಸ ಮಾತ್ರ ಮಾಡಲ್ಲ. ನನ್ನ ಕಣ್ಣಿಗೆ ಸವೆದ ತಳಕ್ಕಿಂತ ಮಿರಮಿರ ಮಿಂಚುವ ಹಳೇ ತಳದ ಮೇಲೇ ಅನುಮಾನ ಜಾಸ್ತಿ.

ನಿಮ್ಮದು ಸವೆಯುವ ಜಾತಿಯಾಗಿದ್ದರೆ, ಲೋಳೆ ಬಂದಿದ್ದಕ್ಕೆ ಗಾಬರಿ ಬೇಡ. ದೋಣಿ ಸುಮ್ನೆ ನಿಂತೇ ಇದ್ದರೆ ಒಳ್ಳೆ ಪೇಂಟಿನ ಮೇಲೂ ಲೋಳೆ ಕೂರುತ್ತದೆ. ಮೆತ್ತನೆ ಸ್ಪಂಜಿನಲ್ಲಿ ತೊಳೆದರೆ ಸಾಕು. ಒರಟು ಬ್ರಷ್ ಹಾಕಿದರೆ ದುಡ್ಡು ಕೊಟ್ಟು ಹಚ್ಚಿದ ತಾಮ್ರವನ್ನೇ ಉಜ್ಜಿ ಕಳೆದಂತೆ. ಬಾರ್ನಕಲ್ ಚಿಪ್ಪು (ತಳಕ್ಕೆ ಗಟ್ಟಿಯಾಗಿ ಅಂಟಿ ಬೆಳೆಯುವ ಚಿಕ್ಕ ಸಮುದ್ರಜೀವಿ) ಕೂತಿದ್ದರೆ ಮಾತು ಬೇರೆ. ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಚಿಪ್ಪು ಹೋದ ಮೇಲೂ ಕೆಳಗೆ ಬಿಳಿ ಬಿಲ್ಲೆ ಉಳಿದಿರುತ್ತದೆ, ಅದನ್ನೂ ಬಿಡಬೇಡಿ. ಅದರ ಮೇಲೆ ಪೇಂಟ್ ನಿಲ್ಲಲ್ಲ.

ಪೇಂಟ್ ಪದರ ಪದರವಾಗಿ ಏಳುತ್ತಿದ್ದರೆ ಮಾತ್ರ ಪೂರ್ತಿ ಕೆರೆಯಿರಿ. ಇಲ್ಲದಿದ್ದರೆ ವಾಟರ್ ಪೇಪರಿನಲ್ಲಿ ನೀರು ಹಾಕಿಕೊಂಡು ಲಘುವಾಗಿ ಉಜ್ಜಿ. ಒಣಗಿದ್ದನ್ನು ಉಜ್ಜಲೇಬೇಡಿ, ಆ ಧೂಳು ವಿಷ. ಮಾಸ್ಕ್, ಗ್ಲೌಸ್ ಬೇಕೇ ಬೇಕು. ತೊಳೆದ ನೀರನ್ನು ವಾಪಸ್ ಸಮುದ್ರಕ್ಕೆ ಬಿಡಬೇಡಿ.

ಹೊಸ ಪೇಂಟ್ ಹಚ್ಚುವಾಗ ಡಬ್ಬಿಯ ತಳದವರೆಗೂ ಕೋಲು ಹಾಕಿ ತಿರುವಿ. ತಾಮ್ರ ಭಾರ, ಕೆಳಗೆ ಗಟ್ಟಿಯಾಗಿ ಕೂತಿರುತ್ತದೆ. ಮೇಲಿನ ತೆಳುವನ್ನಷ್ಟೇ ಹಚ್ಚಿ ಆಮೇಲೆ ಪೇಂಟನ್ನು ಬೈಯುವವರು ಬಹಳ. ಮೊದಲ ಕೋಟು ಒಂದು ಬಣ್ಣ, ಮೇಲಿನದು ಇನ್ನೊಂದು ಬಣ್ಣ ಇರಲಿ. ಕೆಳಗಿನ ಬಣ್ಣ ಇಣುಕಿದರೆ ಮತ್ತೆ ಹಚ್ಚುವ ಹೊತ್ತು ಬಂತು ಅಂತ ನಿಮಗೇ ಗೊತ್ತಾಗುತ್ತದೆ, ಯಾರನ್ನೂ ಕೇಳಬೇಕಿಲ್ಲ. ನೀರಿನ ಮಟ್ಟದ ಗೆರೆ, ಮುಂಭಾಗದ ಅಂಚು, ಚುಕ್ಕಾಣಿ ಬೇಗ ಸವೆಯುತ್ತವೆ. ಅಲ್ಲಿ ಒಂದು ಕೋಟು ಜಾಸ್ತಿ ಕೊಡಿ. ಲೋಹದ ಭಾಗಗಳು ಕೊರೆದುಹೋಗದಂತೆ ಅವುಗಳ ಬದಲು ತಾವೇ ಸವೆಯುವ ಸತುವಿನ ತುಂಡುಗಳಿದ್ದರೆ ಅವಕ್ಕೆ ಪೇಂಟ್ ಮುಟ್ಟಿಸಬೇಡಿ, ಅವು ಬರಿಮೈಯಲ್ಲೇ ಕೆಲಸ ಮಾಡಬೇಕು.

ಹಳಬರು ಯಾರಾದರೂ ‘ಆಗಿನ ತವರದ ಪೇಂಟೇ ಚೆನ್ನಾಗಿತ್ತು’ ಅನ್ನಬಹುದು. ಚೆನ್ನಾಗಿತ್ತು, ನಿಜ. ಆದರೆ ಅದರಲ್ಲಿದ್ದ ಟಿಬಿಟಿ ಎಂಬ ತವರದ ರಾಸಾಯನಿಕದಿಂದ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. 2001ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಅದನ್ನು ನಿಷೇಧಿಸಿತು.

ಪ್ರಶ್ನೆ: ಅಲ್ಯೂಮಿನಿಯಂ ದೋಣಿಗೂ ಇದೇ ಪೇಂಟ್ ನಡೆಯುತ್ತದೆ ಅಲ್ವಾ?

ಉತ್ತರ: ಇಲ್ಲ. ಉಪ್ಪುನೀರಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ತೂತು ಬೀಳುತ್ತದೆ. ಡಬ್ಬಿಯ ಮೇಲೆ ‘ಅಲ್ಯೂಮಿನಿಯಮ್ಮಿಗೆ ಆಗುತ್ತದೆ’ ಅಂತ ಬರೆದಿರುವ ಪೇಂಟನ್ನೇ ತನ್ನಿ. ಅದರ ಕೆಳಗೆ ಹಚ್ಚಲು ಹೇಳಿದ ಪ್ರೈಮರನ್ನೂ ತಪ್ಪಿಸಬೇಡಿ.