ಇಪ್ಪತ್ತೆರಡು ಮನೆ, ಮೂರನೇ ಹನಿ

ಆರೋಗ್ಯ ಸಮೀಕ್ಷೆಯವರು ಬಾಗಿಲು ತಟ್ಟಿದಾಗ ಏಳುವ ಸಂಶಯಗಳನ್ನು ಓದುಗರು ಕಳಿಸಿದ್ದಾರೆ. ಹೆಚ್ಚಿನವು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್) ಬಗ್ಗೆಯೇ ಇವೆ. ಕೇಂದ್ರ ಆರೋಗ್ಯ ಸಚಿವಾಲಯಕ್ಕಾಗಿ ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 1992–93ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಬೇರೆ ಹೇಳದಿದ್ದರೆ ಕೆಳಗಿನ ಅಂಕಿಗಳು 2019–21ರ ಐದನೇ ಸುತ್ತಿನವು.

ಪ್ರಶ್ನೆ: ನಮ್ಮ ಬೀದಿಯಲ್ಲಿ ಎರಡೇ ಮನೆಗೆ ಹೋಗಿ ಉಳಿದವರನ್ನು ಬಿಟ್ಟರು. ನಾವೇ ಕರೆದರೂ ಬರಲಿಲ್ಲ. ಇದರಲ್ಲಿ ಪಂಚಾಯಿತಿಯವರ ಕೈವಾಡ ಇದೆಯೇ? (ತಿಪಟೂರು)

ಇಲ್ಲ. ನೀವು ಕರೆದಾಗ ಬರದೇ ಹೋದದ್ದೇ ಅವರು ಕೆಲಸ ಸರಿಯಾಗಿ ಮಾಡಿದ್ದಕ್ಕೆ ಗುರುತು.

ಮೊದಲು ಊರುಗಳನ್ನು ಆರಿಸುತ್ತಾರೆ. ದೊಡ್ಡ ಊರಿಗೆ ಆಯ್ಕೆಯಾಗುವ ಸಾಧ್ಯತೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ. ಪಟ್ಟಣಗಳಲ್ಲಾದರೆ ಊರಿನ ಬದಲು ಜನಗಣತಿಯ ಬ್ಲಾಕ್, ಅಂದರೆ ಎಣಿಕೆಗಾಗಿ ವಿಂಗಡಿಸಿದ ಸಣ್ಣ ಪ್ರದೇಶ. ಆಮೇಲೆ ಒಂದು ತಂಡ ಬಂದು ನಕ್ಷೆ ಬರೆದು, ಮನೆಮನೆಯನ್ನೂ ಪಟ್ಟಿ ಮಾಡಿಕೊಂಡು ಹೋಗುತ್ತದೆ. ಮುನ್ನೂರಕ್ಕಿಂತ ಹೆಚ್ಚು ಮನೆಗಳಿದ್ದರೆ ಊರನ್ನು ತುಂಡುಗಳಾಗಿ ವಿಂಗಡಿಸಿ ಎರಡು ತುಂಡನ್ನಷ್ಟೇ ತೆಗೆದುಕೊಳ್ಳುತ್ತಾರೆ. ಆ ಪಟ್ಟಿಯಿಂದ ಆರಿಸುವುದು 22 ಮನೆ. ಪಟ್ಟಿಯಲ್ಲಿ 264 ಮನೆಗಳಿವೆ ಎನ್ನಿ: 264ನ್ನು 22ರಿಂದ ಭಾಗಿಸಿದರೆ 12. ಒಂದರಿಂದ ಹನ್ನೆರಡರೊಳಗೆ ಯಾದೃಚ್ಛಿಕವಾಗಿ 5 ಬಂತು ಅಂದರೆ 5, 17, 29, 41 ಹೀಗೆ ಸಾಗಿ 257ನೇ ಮನೆಗೆ ನಿಲ್ಲುತ್ತದೆ. ನಿಮ್ಮ ಮನೆ 30ನೆಯದಾದರೆ ಅದಕ್ಕೆ ಯಾರೂ ಹೊಣೆಯಲ್ಲ.

ಆರಿಸಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಸಮಯ ಬದಲಿಸಿಕೊಂಡು ಮತ್ತೆ ಮತ್ತೆ ಬರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಬೀಗ ಹಾಕಿರುವುದು ಕೂಲಿಗೆ ಹೋದವರ, ಗಾರ್ಮೆಂಟ್ಸ್‌ಗೆ ಹೋದವರ ಮನೆ; ಬಾಗಿಲು ತೆರೆದಿರುವುದು ವಯಸ್ಸಾದವರದ್ದೋ ಅನುಕೂಲಸ್ಥರದ್ದೋ. ಬೀಗದ ಮನೆ ಬಿಟ್ಟು ತೆರೆದ ಮನೆ ಹಿಡಿಯುತ್ತಾ ಹೋದರೆ ಲೆಕ್ಕದಲ್ಲಿ ಇಡೀ ಜಿಲ್ಲೆ ಉಂಡುಟ್ಟು ಸುಖವಾಗಿರುವಂತೆ ಕಾಣುತ್ತದೆ. ದಣಿದ ತಂಡಗಳು ತಪ್ಪುವುದು ಇಲ್ಲಿಯೇ. ಮೇಲ್ವಿಚಾರಕರು ಕೆಲವು ಮನೆಗಳಿಗೆ ಮತ್ತೊಮ್ಮೆ ಹೋಗಿ ತಾಳೆ ನೋಡುವುದು ಇದಕ್ಕಾಗಿ.

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಶುರು ಮಾಡಿದ ಸಮೀಕ್ಷೆ ಬೇರೆ ಬಗೆಯದು. ಅದಕ್ಕೆ ಎಲ್ಲ ಮನೆಗಳೂ ಬೇಕಿದ್ದವು. ಎರಡನ್ನೂ ಒಂದೇ ಎಂದುಕೊಂಡವರು ಬಹಳ ಜನ.

ಪ್ರಶ್ನೆ: ಒಂದೇ ಸೂರಿನಡಿ ನಾವು ಅಣ್ಣತಮ್ಮಂದಿರಿಬ್ಬರು, ಅಡುಗೆ ಮಾತ್ರ ಬೇರೆ. ಮಗ ಬೆಂಗಳೂರಿನಲ್ಲಿದ್ದಾನೆ, ಪಡಿತರ ಚೀಟಿಯಲ್ಲಿ ಅವನ ಹೆಸರಿದೆ. ಏನು ಬರೆಸಬೇಕಿತ್ತು? (ಸಿಂಧನೂರು)

ಒಲೆ ಎರಡಾದರೆ ಕುಟುಂಬವೂ ಎರಡು. ಸೂರು, ಪಡಿತರ ಚೀಟಿ, ಖಾತೆ ಯಾವುದೂ ಲೆಕ್ಕಕ್ಕಿಲ್ಲ. ಮಗ ವಾಡಿಕೆಯಾಗಿ ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಮ ಪಟ್ಟಿಯಲ್ಲಿ ಬರುವುದಿಲ್ಲ. ಹಿಂದಿನ ರಾತ್ರಿ ಬಂದು ಮಲಗಿದ್ದರೆ ಅತಿಥಿಯಾಗಿ ಬರುತ್ತಾನೆ, ಏಕೆಂದರೆ ‘ನಿನ್ನೆ ರಾತ್ರಿ ಇಲ್ಲಿ ಉಳಿದಿದ್ದವರು ಯಾರು’ ಎಂಬುದು ಪ್ರತ್ಯೇಕ ಪ್ರಶ್ನೆ.

ಈ ಪ್ರಶ್ನೆಯಿಂದ ಹುಟ್ಟಿದ ಒಂದು ಅಂಕಿ ಆಗ ದೇಶದಲ್ಲೆಲ್ಲ ಸುದ್ದಿಯಾಯಿತು: ಸಾವಿರ ಗಂಡಸರಿಗೆ 1,020 ಹೆಂಗಸರು. ಹೆಣ್ಣಿನ ಸಂಖ್ಯೆ ಗಂಡನ್ನು ಮೀರಿತೆಂದು ಸಂಭ್ರಮಪಟ್ಟವರಿದ್ದಾರೆ. ಆದರೆ ದುಡಿಯಲು ಹೋಗಿ ಶೆಡ್ಡಿನಲ್ಲೋ ಹಾಸ್ಟೆಲಿನಲ್ಲೋ ಮಲಗಿದ ಗಂಡಸು ಮನೆಯ ಎಣಿಕೆಗೆ ಸಿಗುವುದಿಲ್ಲ. ಅದೇ ಸಮೀಕ್ಷೆ ಹುಟ್ಟಿದ ಮಕ್ಕಳನ್ನು ಎಣಿಸಿದಾಗ ಸಾವಿರ ಗಂಡುಮಕ್ಕಳಿಗೆ ಸಿಕ್ಕಿದ್ದು 929 ಹೆಣ್ಣುಮಕ್ಕಳು. ಆತಂಕ ಪಡಬೇಕಾದ ಅಂಕಿ ಇದು.

ಪ್ರಶ್ನೆ: ಬೆರಳು ಚುಚ್ಚಿ ನೋಡಿದಾಗ ನನ್ನ ಹಿಮೋಗ್ಲೋಬಿನ್ 10.8 ಅಂದರು. ವಾರದೊಳಗೆ ಲ್ಯಾಬ್‌ನಲ್ಲಿ 12.1 ಬಂತು. ಯಾವುದನ್ನು ನಂಬಲಿ? (ಶಿರಸಿ)

ನಿಮ್ಮ ಚಿಕಿತ್ಸೆಗೆ ಲ್ಯಾಬಿನದ್ದನ್ನು ನಂಬಿ. ವ್ಯತ್ಯಾಸ ಯಾಕೆ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಐದನೇ ಸುತ್ತಿನಲ್ಲಿ ಮನೆಬಾಗಿಲಲ್ಲಿ ಬಳಸಿದ್ದು ಹೀಮೋಕ್ಯೂ ಎಂಬ ಕೈಯಲ್ಲಿ ಹಿಡಿಯುವ ಯಂತ್ರ. ಅದಕ್ಕೆ ಹಾಕುವ ಕ್ಯುವೆಟ್ ಎಂಬ ಸಣ್ಣ ಪ್ಲಾಸ್ಟಿಕ್ ತುಣುಕು ಒಂದು ಹನಿ ರಕ್ತವನ್ನು ಹೀರಿಕೊಳ್ಳುತ್ತದೆ. ಕ್ರಮ ಹೀಗೆ: ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಬೇಕು, ಸ್ಪಿರಿಟ್ ಹಚ್ಚಿದ ಮೇಲೆ ಪೂರ್ತಿ ಆರಲು ಬಿಡಬೇಕು, ಬೆರಳಿನ ತುದಿಯ ಬದಿಗೆ ಒಂದೇ ಸಲ ಚುಚ್ಚಬೇಕು, ಮೊದಲ ಎರಡು ಹನಿ ಒರೆಸಿ ತೆಗೆದು ಮೂರನೆಯದನ್ನು ಕ್ಯುವೆಟ್‌ಗೆ ಕೊಡಬೇಕು. ರಕ್ತ ಬರಲಿಲ್ಲವೆಂದು ಹಾಲು ಕರೆದ ಹಾಗೆ ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ರಕ್ತಕ್ಕೆ ಬೆರೆಯುತ್ತದೆ, ಯಂತ್ರ ತೋರಿಸುವ ಅಂಕಿ ಕೆಳಗಿಳಿಯುತ್ತದೆ. ಸ್ಪಿರಿಟ್ ಆರದಿದ್ದರೂ ರಕ್ತ ತೆಳುವಾಗುತ್ತದೆ. ಕ್ಯುವೆಟ್‌ನೊಳಗೆ ಗಾಳಿಗುಳ್ಳೆ ಸೇರಿದರೆ ಅಂಕಿ ಕೆಡುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ನಿಮ್ಮೂರಿನ ಮಳೆಗಾಲದ ತೇವಕ್ಕೆ ಕ್ಯುವೆಟ್‌ಗಳೇ ಹಾಳಾಗುತ್ತವೆ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಬೆರಳಿನ ಹನಿಗೂ ರಕ್ತನಾಳದಿಂದ ಸಿರಿಂಜಿನಲ್ಲಿ ತೆಗೆದ ರಕ್ತಕ್ಕೂ ವ್ಯತ್ಯಾಸ ಉಳಿಯುತ್ತದೆ. ಗರ್ಭಿಣಿಯಲ್ಲದ ಹೆಂಗಸರಿಗೆ ರಕ್ತಹೀನತೆಯ ಗೆರೆ 12.0 ಗ್ರಾಂ. ಬಹಳ ಜನರ ಹಿಮೋಗ್ಲೋಬಿನ್ ಆ ಗೆರೆಯ ಆಸುಪಾಸಿನಲ್ಲೇ ಇರುವುದರಿಂದ ಅರ್ಧ ಗ್ರಾಂ ಆಚೀಚೆಯಾದರೂ ಶೇಕಡಾವಾರು ಲೆಕ್ಕ ಉಲ್ಟಾಪಲ್ಟಾ. 2015–16ರ ಎನ್‌ಎಫ್‌ಎಚ್‌ಎಸ್ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 58.6ರಷ್ಟು ರಕ್ತಹೀನತೆ ಎಂದರೆ, ರಕ್ತನಾಳದಿಂದ ರಕ್ತ ತೆಗೆದ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಒಂದರಿಂದ ನಾಲ್ಕು ವರ್ಷದವರಲ್ಲಿ ಸುಮಾರು ಶೇ 41 ಎಂದಿತು. ವಯಸ್ಸಿನ ಮಿತಿ ಸ್ವಲ್ಪ ಬೇರೆ, ನಿಜ. ಆದರೂ ಇಷ್ಟು ಅಂತರಕ್ಕೆ ಅದೊಂದೇ ಕಾರಣ ಸಾಲದು. ಈ ಚರ್ಚೆ ನಡೆದ ಮೇಲೆಯೇ ಹಿಮೋಗ್ಲೋಬಿನ್ ಅಳತೆಯನ್ನು ಬೇರೆ ಸಮೀಕ್ಷೆಗೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕಡೆಗೆ ಸಾಗಿಸಿದ್ದು.

ಸಕ್ಕರೆ ನೋಡಿದ್ದರೆ ಅದಕ್ಕೂ ಒಂದು ಮಾತು. ಅವರು ನೋಡುವುದು ಊಟದ ಹೊತ್ತು ಲೆಕ್ಕಿಸದ ರ‍್ಯಾಂಡಮ್ ಶುಗರ್. 140 ದಾಟಿದರೆ ‘ಹೆಚ್ಚು’, 160 ದಾಟಿದರೆ ‘ತುಂಬಾ ಹೆಚ್ಚು’ ಎಂದು ಬರೆಯುತ್ತಾರೆ. ಅದರಿಂದಲೇ ಮಧುಮೇಹ ಎಂದಾಗುವುದಿಲ್ಲ; ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಬಿಪಿಯನ್ನು ಮೂರು ಸಲ ನೋಡುತ್ತಾರೆ, ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯೂನಿಫಾರಂ ಕಂಡರೆ ಏರುವ ಬಿಪಿ ಅದು.

ಪ್ರಶ್ನೆ: ಕರ್ನಾಟಕದಲ್ಲಿ ಗಂಡನ ದೌರ್ಜನ್ಯ ನಾಲ್ಕು ವರ್ಷದಲ್ಲಿ ಶೇ 20.6ರಿಂದ ಶೇ 44.4ಕ್ಕೆ ಏರಿತಂತೆ. ನಂಬಬಹುದೇ? ಇಂಥ ಪ್ರಶ್ನೆಗೆ ಯಾರು ತಾನೇ ಬಾಯಿ ಬಿಡುತ್ತಾರೆ? (ಧಾರವಾಡ)

ಅಂಕಿ ಸರಿಯಾಗಿಯೇ ಇದೆ. ‘ಏರಿತು’ ಎಂಬ ಮಾತಿನಲ್ಲಿ ಎಡವಟ್ಟಿದೆ. ಆ ಸೂಚ್ಯಂಕ ಲೆಕ್ಕ ಹಾಕುವುದು ಮದುವೆಯಾದ 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ‘ಎಂದಾದರೂ’ ಅನುಭವಿಸಿದವರನ್ನು. ಮದುವೆಯಾಗಿ ಇಪ್ಪತ್ತು ವರ್ಷವಾದವರ ಹಳೆಯ ಏಟೂ ಅದರಲ್ಲಿ ಸೇರಿದೆ. ಉತ್ತರಿಸುವ ಪೀಳಿಗೆ ಬಹುಪಾಲು ಅದೇ ಆಗಿರುವಾಗ ಬದುಕಿನಷ್ಟು ಉದ್ದದ ಲೆಕ್ಕ ನಾಲ್ಕೇ ವರ್ಷದಲ್ಲಿ ದುಪ್ಪಟ್ಟಾಗಲಾರದು. ಹಿಂದಿನ ಸಲ ಮುಚ್ಚಿಟ್ಟದ್ದು ಈ ಸಲ ಹೊರಬಿದ್ದಿದೆ ಎಂಬುದೇ ಹೆಚ್ಚು ಸರಿಯಾದ ಓದು. ಕೇಳಿದ ತಂಡಗಳ ತರಬೇತಿಯಲ್ಲೂ ವ್ಯತ್ಯಾಸವಿದ್ದಿರಬಹುದು.

ಬಾಯಿ ಬಿಡಿಸುವ ಬಗೆಗೂ ನಿಯಮಗಳಿವೆ. ಒಂದು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು, ಅತ್ತೆ ಸೊಸೆ ಇಬ್ಬರನ್ನೂ ಕೇಳುವಂತಿಲ್ಲ. ಕೇಳುವವರು ಹೆಂಗಸರೇ ಆಗಿರಬೇಕು. ಪಕ್ಕದಲ್ಲಿ ಯಾರೂ ಇರಕೂಡದು. ನಡುವೆ ಯಾರಾದರೂ ಬಂದರೆ ಮಾತು ಬದಲಿಸಬೇಕು, ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು. ‘ದೌರ್ಜನ್ಯವಾಗಿದೆಯಾ’ ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರ ‘ಅಂಥದ್ದೇನಿಲ್ಲ’. ಆದ್ದರಿಂದ ಕಪಾಳಕ್ಕೆ ಹೊಡೆದದ್ದು, ತಳ್ಳಿದ್ದು, ಕೈ ತಿರುಚಿದ್ದು, ಕೂದಲೆಳೆದದ್ದು ಎಂದು ಒಂದೊಂದನ್ನೇ ಹೆಸರಿಸಿ ಕೇಳುತ್ತಾರೆ.

ಅಭಿಪ್ರಾಯದ ಪ್ರಶ್ನೆ ಬೇರೆಯೇ. ಹೇಳದೆ ಹೊರಗೆ ಹೋದರೆ, ಎದುರು ಮಾತನಾಡಿದರೆ, ಅಡುಗೆ ಕೆಟ್ಟರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ ಏಳು ಸಂದರ್ಭ ಕೊಟ್ಟು ಗಂಡ ಹೊಡೆಯುವುದು ಸರಿಯೇ ಎಂದು ಕೇಳುತ್ತಾರೆ. ಒಂದಕ್ಕಾದರೂ ಹೌದು ಎಂದ ಕರ್ನಾಟಕದ ಹೆಂಗಸರು ಶೇ 76.9, ಗಂಡಸರು ಶೇ 81.9. ಏಳರಲ್ಲಿ ಒಂದಕ್ಕೆ ತಲೆಯಾಡಿಸಿದರೂ ಇಲ್ಲಿ ಸೇರಿಬಿಡುತ್ತಾರೆ ಎಂಬುದನ್ನು ಮರೆತು ಬರೆದ ಶೀರ್ಷಿಕೆಗಳೇ ಹೆಚ್ಚು.

ಪ್ರಶ್ನೆ: ಜಿಲ್ಲಾ ವರದಿಯಲ್ಲಿ ಕೆಲವು ಅಂಕಿಗಳ ಸುತ್ತ ಆವರಣ, ಕೆಲವೆಡೆ ಬರೀ ನಕ್ಷತ್ರ. ಮುದ್ರಣದೋಷವೇ? (ಯಾದಗಿರಿ)

ಆವರಣ ಇದ್ದರೆ ಆ ಶೇಕಡಾ 25ರಿಂದ 49 ಜನರ ಉತ್ತರದ ಮೇಲೆ ನಿಂತಿದೆ. ನಕ್ಷತ್ರ ಇದ್ದರೆ 25ಕ್ಕೂ ಕಡಿಮೆ ಜನ, ಹಾಗಾಗಿ ಅಂಕಿಯನ್ನೇ ಕೊಟ್ಟಿಲ್ಲ. ದೇಶದ 707 ಜಿಲ್ಲೆಗಳಲ್ಲಿ 6,36,699 ಮನೆ, ಅಂದರೆ ಜಿಲ್ಲೆಗೆ ಸರಾಸರಿ 900. ಅಷ್ಟು ಮನೆಗಳಲ್ಲಿ ಲಸಿಕೆ ಲೆಕ್ಕಕ್ಕೆ ಬೇಕಾದ 12ರಿಂದ 23 ತಿಂಗಳ ಕೂಸುಗಳು ಎಷ್ಟಿದ್ದಾವು? 60 ಕೂಸು ಸಿಕ್ಕಿ ಶೇ 80ರಷ್ಟಕ್ಕೆ ಲಸಿಕೆ ಆಗಿದ್ದರೆ, ಸರಳ ಲೆಕ್ಕದಲ್ಲೇ ನಿಜವಾದ ಅಂಕಿ 70ರಿಂದ 90ರವರೆಗೆ ಎಲ್ಲಾದರೂ ಇರಬಹುದು. ಆದ್ದರಿಂದ 82 ಇದ್ದದ್ದು 76ಕ್ಕಿಳಿಯಿತೆಂದು ಜಿಲ್ಲಾ ಆರೋಗ್ಯಾಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳಬೇಡಿ. ರಾಜ್ಯದ ಅಂಕಿಯನ್ನು ಗಟ್ಟಿಯಾಗಿ ಹಿಡಿಯಬಹುದು, ಜಿಲ್ಲೆಯದನ್ನು ಸಡಿಲವಾಗಿ ಹಿಡಿಯಿರಿ.

ಪ್ರಶ್ನೆ: ಆಧಾರ್, ಒಟಿಪಿ ಕೇಳಿದರೆ ಕೊಡಬೇಕೇ? (ಮೈಸೂರು)

ಬೇಡ. ಈ ಸಮೀಕ್ಷೆಗೆ ಒಟಿಪಿಯೂ ಬೇಕಿಲ್ಲ, ಬ್ಯಾಂಕ್ ವಿವರವೂ ಬೇಕಿಲ್ಲ. ಬ್ಯಾಂಕ್ ಖಾತೆ ಇದೆಯೇ ಎಂದು ಕೇಳುತ್ತಾರೆ, ಅದರ ನಂಬರ್ ಕೇಳುವುದಿಲ್ಲ. ಗುರುತಿನ ಚೀಟಿ ತೋರಿಸಿ ಎನ್ನಿ. ಅನುಮಾನ ಇದ್ದರೆ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ತಂಡ ಊರಿಗೆ ಬಂದಿದ್ದರೆ ಅವರಿಗೆ ಸುದ್ದಿ ಇರುತ್ತದೆ. ಬೇಡವೆನಿಸಿದ ಪ್ರಶ್ನೆಗೆ ಉತ್ತರಿಸದೆ ಇರಬಹುದು, ರಕ್ತ ಕೊಡದೆಯೂ ಇರಬಹುದು. ಕೊಟ್ಟರೆ ನಿಮ್ಮ ಬಿಪಿ, ಶುಗರ್ ಬರೆದ ಚೀಟಿ ಕೇಳಿ ಇಸಿದುಕೊಳ್ಳಿ.