ದೇವಯಾನಿ ಗೆಲಾಕ್ಸಿ: ದೂರದರ್ಶಕ ಬೇಡ, ಕಾಫಿ ಕಣದ ಮೂಲೆಗೆ ಹೋಗಿ

ಮೇಷ್ಟ್ರೇ, ಸೋಮವಾರಪೇಟೆಯ ತೋಟದಿಂದ ನೀವು ತೆಗೆದ ದೇವಯಾನಿ ಗೆಲಾಕ್ಸಿಯ ಚಿತ್ರ ನೋಡಿದೆ. 135 ಮಿ.ಮೀ. ಲೆನ್ಸ್, ನಕ್ಷತ್ರಗಳ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್, 30 ಸೆಕೆಂಡಿನ 40 ಫ್ರೇಮುಗಳು; ಆದರೂ ನಡುವೆ ಬೂದು ಮಚ್ಚೆ, ಸುತ್ತ ಅಲ್ಪವಿರಾಮದಂತೆ ಬಾಲ ಎಳೆದ ನಕ್ಷತ್ರಗಳು. ಎಂಟು ಇಂಚಿನ ದೂರದರ್ಶಕ ಕೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ. ಸರಿಹೋಗುವುದಿಲ್ಲ, ದುಡ್ಡು ಹಾಗೇ ಇರಲಿ.

ಈ ಗೆಲಾಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಉದ್ದವಿದೆ, ಅಂದರೆ ಹುಣ್ಣಿಮೆಯ ಆರು ಚಂದ್ರರನ್ನು ಸಾಲಾಗಿಟ್ಟಷ್ಟು. 1200 ಮಿ.ಮೀ. ನಾಭಿದೂರದ ದೂರದರ್ಶಕಕ್ಕೆ ನಿಮ್ಮ ಕ್ಯಾಮೆರಾ ಸಿಕ್ಕಿಸಿದರೆ ಒಂದು ಡಿಗ್ರಿ ಚಿಲ್ಲರೆ ಮಾತ್ರ ಹಿಡಿಸುತ್ತದೆ. ಸುರುಳಿಯೆಲ್ಲ ಚೌಕಟ್ಟಿನಾಚೆ.

ಬಾಲಕ್ಕೆ ಕಾರಣ ಧ್ರುವ ನಕ್ಷತ್ರ: ಟ್ರ್ಯಾಕರಿನ ಅಕ್ಷ ಅದರತ್ತ ನೇರವಾಗಿ ನಿಲ್ಲದಿದ್ದರೆ ನಕ್ಷತ್ರಗಳು ಎಳೆದಂತಾಗುತ್ತವೆ. ಕೊಡಗಿನಲ್ಲಿ ಅದು ಕ್ಷಿತಿಜದಿಂದ ಬರೀ 12 ಡಿಗ್ರಿ ಮೇಲಿದೆ. ಕೈ ನೀಡಿ ಮುಷ್ಟಿ ಹಿಡಿದರೆ ಅದಕ್ಕಿಂತ ತುಸು ಎತ್ತರ. ನಮ್ಮ ತೋಟಗಳಲ್ಲಿ ಅಲ್ಲಿ ಸಿಲ್ವರ್ ಓಕ್ ನಿಂತಿರುತ್ತದೆ. 20 ಮೀಟರ್ ಎತ್ತರದ ಮರದ ತುದಿಯ ಮೇಲೆ ಧ್ರುವ ಕಾಣಬೇಕಾದರೆ ಮರದಿಂದ 95 ಮೀಟರಾದರೂ ಹಿಂದೆ ಸರಿಯಬೇಕು. ಮನೆಯಂಗಳ ಬಿಟ್ಟು ಕಾಫಿ ಕಣದ ದಕ್ಷಿಣದ ಮೂಲೆಗೆ ಹೋಗಿ, ಕೊಯ್ಲು ಶುರುವಾಗುವ ಮೊದಲು ಕಣ ಹೇಗೂ ಖಾಲಿ. ಅಲ್ಲಿಂದಲೂ ಕಾಣದಿದ್ದರೆ ಮೊಬೈಲಿನ ದಿಕ್ಸೂಚಿಯಿಂದ ಉತ್ತರ ಹಿಡಿದು, ಟ್ರ್ಯಾಕರಿನ ಅಕ್ಷವನ್ನು 12 ಡಿಗ್ರಿಗೆ ಎತ್ತಿ, ಫ್ರೇಮಿಗೆ 20 ಸೆಕೆಂಡಿನಲ್ಲೇ ತೃಪ್ತಿಪಡಿ. ತೋಟದ ಅಂಚಿಗೆ ಮಾತ್ರ ಒಬ್ಬರೇ ಹೋಗಬೇಡಿ. ಆನೆ ಎದುರಾದರೆ ಟ್ರೈಪಾಡ್ ಮಡಚಲು ಸಮಯವಿರುವುದಿಲ್ಲ.

ಇನ್ನು ಆ ಬೂದು ಬಣ್ಣ. ನನಗೆ ಅನುಮಾನ ಇಬ್ಬನಿಯ ಮೇಲೆ. ಮೊದಲ ವರ್ಷ ನಾನೂ 90 ಫ್ರೇಮು ತೆಗೆದು ಬೀಗಿಕೊಂಡು ಟಾರ್ಚ್ ಹಾಕಿ ನೋಡಿದರೆ, ಲೆನ್ಸಿನ ಗಾಜು ಕಡಂಬುಟ್ಟು ಬೇಯುವ ಪಾತ್ರೆಯ ಮುಚ್ಚಳದಂತೆ ಹನಿಗಟ್ಟಿತ್ತು. ಮೊದಲ 20 ಬಿಟ್ಟು ಉಳಿದವೆಲ್ಲ ಹಾಳು. ಅಂದಿನಿಂದ ಪವರ್ ಬ್ಯಾಂಕಿನಿಂದ ಬಿಸಿಯಾಗುವ ಪಟ್ಟಿಯೊಂದನ್ನು ಲೆನ್ಸಿಗೆ ಸುತ್ತುತ್ತೇನೆ, ಹುಡ್ ತೆಗೆಯುವುದಿಲ್ಲ, ಅರ್ಧ ಗಂಟೆಗೊಮ್ಮೆ ಒಂದು ಫ್ರೇಮನ್ನು ಹಿಗ್ಗಿಸಿ ನೋಡುತ್ತೇನೆ. ಪಟ್ಟಿಯನ್ನು ಮೊದಲೇ ಹಚ್ಚಬೇಕು. ಹನಿ ಕಟ್ಟಿದ ಮೇಲೆ ಒಣಗಲು ಬಹಳ ಹೊತ್ತು ಬೇಕು. ಬಟ್ಟೆಯಿಂದ ಒರೆಸಿದರೆ ಇನ್ನೂ ಕೆಡುತ್ತದೆ. ಮನೆಯೊಳಗೆ ತರುವ ಮುನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡದಿದ್ದರೆ ಲೆನ್ಸಿನೊಳಗೆ ಬೂಷ್ಟು ಖಂಡಿತ.

ಉಳಿದದ್ದು ತಾಳ್ಮೆಯ ಕೆಲಸ. ನಿಮ್ಮದು ಒಟ್ಟು 20 ನಿಮಿಷದ ಬೆಳಕು. ನಾಲ್ಕು ಪಟ್ಟು ತೆಗೆದರೆ ಚಿತ್ರದ ಕಾಳುಕಾಳು ಅರ್ಧಕ್ಕಿಳಿಯುತ್ತದೆ, ಎರಡು ಗಂಟೆ ತೆಗೆದರೆ ಗೆಲಾಕ್ಸಿಯೊಳಗಿನ ಧೂಳಿನ ಪಟ್ಟೆ ಕಾಣತೊಡಗುತ್ತದೆ. ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ದೇವಯಾನಿ ಉತ್ತರದಲ್ಲಿ 61 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದಕ್ಕೆ ಒಂದು ಗಂಟೆ ಮೊದಲು ಶುರುಮಾಡಿ, ಒಂದು ಗಂಟೆ ನಂತರ ನಿಲ್ಲಿಸಿ. ಅಮಾವಾಸ್ಯೆಯ ಆಸುಪಾಸಿನ ದಿನಗಳೇ ಆಗಬೇಕು. ಪುತ್ತರಿ ಬೆಳದಿಂಗಳ ಸುಗ್ಗಿ ಹಬ್ಬ, ಆ ವಾರ ಕದಿರು ತೆಗೆದು ತಂಬಿಟ್ಟು ತಿನ್ನಿ, ಕ್ಯಾಮೆರಾ ಡಬ್ಬಿಯಲ್ಲೇ ಇರಲಿ.

ಕೊನೆಗೆ, ಸೆನ್ಸರಿನದೇ ಕಲೆಗಳನ್ನು ಕಳೆಯಲು, ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸೆಕೆಂಡುಗಳಲ್ಲಿ 25 ಕತ್ತಲ ಫ್ರೇಮು ತೆಗೆಯಿರಿ. ಅಂಚಿನ ಕತ್ತಲು, ಧೂಳಿನ ಮಚ್ಚೆ ತೆಗೆಯಲು ಬೆಳಗಾಗುವಾಗ ಲೆನ್ಸಿನ ಬಾಯಿಗೆ ಬಿಳಿ ಬನಿಯನ್ ಬಿಗಿದು ಆಕಾಶದತ್ತ 20 ಬೆಳಕಿನ ಫ್ರೇಮು ಕೂಡ. ಫೋಕಸ್ ಉಂಗುರ ಮುಟ್ಟಬೇಡಿ, ಟೇಪ್ ಹಚ್ಚಿಬಿಡಿ. ಎಲ್ಲವನ್ನೂ ಜೋಡಿಸಲು ಸಿರಿಲ್ ಎಂಬ ತಂತ್ರಾಂಶ ಸಾಕು, ಪುಕ್ಕಟೆ ಸಿಗುತ್ತದೆ. ಹೊಳಪು ಹೆಚ್ಚಿಸುವಾಗ ಕೈ ತಡೆಯಿರಿ: ನಡುಭಾಗ ಬೆಳ್ಳಗೆ ಸುಟ್ಟರೆ ಪಕ್ಕದ ಪುಟ್ಟ ಗೆಲಾಕ್ಸಿ ಎಂ32 ಕೂಡ ನಕ್ಷತ್ರದಂತೆಯೇ ಕಾಣುತ್ತದೆ.

ಮುಂದಿನ ಸಲ ಜೋಡಿಸಿದ ಚಿತ್ರದ ಜೊತೆ ಮೊದಲ ಮತ್ತು ಕೊನೆಯ ಕಚ್ಚಾ ಫ್ರೇಮುಗಳನ್ನೂ ಕಳುಹಿಸಿ. ನಡುವೆ ಇಬ್ಬನಿ ಇಳಿಯಿತೋ ಇಲ್ಲವೋ ಎಂದು ಅವೆರಡರಿಂದಲೇ ಹೇಳಬಹುದು.