ನಿಲ್ಲಿಸಿ ನೋಡಿದ್ದೀರಾ?

ಪ್ರಶ್ನೆ: ಎಲ್ಲರಿಗೂ ಹೆಸರು ಗೊತ್ತಿರುವ ಬ್ರ್ಯಾಂಡ್ ಒಂದರ ಮಾರ್ಕೆಟಿಂಗ್ ವಿಭಾಗದಲ್ಲಿದ್ದೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಹಾಕಿದ ಹಣ ನಾಲ್ಕು ಪಟ್ಟಾಗಿ ಮರಳಿದೆ ಎಂದು ಏಜೆನ್ಸಿ ಪ್ರತಿ ತಿಂಗಳೂ ವರದಿ ಕೊಡುತ್ತದೆ. ಒಟ್ಟು ಮಾರಾಟ ಮಾತ್ರ ಇದ್ದಲ್ಲೇ ಇದೆ. ಯಾವುದನ್ನು ನಂಬಲಿ?

ಉತ್ತರ: ಮಾರಾಟದ ಲೆಕ್ಕವನ್ನು. ವರದಿಯಲ್ಲಿ ಸುಳ್ಳು ಇರಲಿಕ್ಕಿಲ್ಲ, ಆದರೆ ನಿಮಗೆ ಬೇಕಾದ ಉತ್ತರವೂ ಅದರಲ್ಲಿಲ್ಲ.

ಒಬ್ಬಾಕೆ ನಿಮ್ಮ ಜಾಲತಾಣಕ್ಕೆ ಬಂದು ಒಂದು ಜೊತೆ ಶೂ ಆರಿಸಿ ಕಾರ್ಟಿಗೆ ಹಾಕುತ್ತಾಳೆ. ಅಷ್ಟರಲ್ಲಿ ಬೇರೇನೋ ಕೆಲಸ ಬಂದು ಫೋನ್ ಕೆಳಗಿಡುತ್ತಾಳೆ. ರಾತ್ರಿ ಇನ್‌ಸ್ಟಾಗ್ರಾಂ ತೆರೆದರೆ ಅದೇ ಶೂ, ಅದೇ ಬಣ್ಣ. ಮರುದಿನ ಕೊಳ್ಳುತ್ತಾಳೆ. ಜಾಹೀರಾತು ಇಲ್ಲದಿದ್ದರೂ ಬಹುಶಃ ಕೊಳ್ಳುತ್ತಿದ್ದಳು. ಆದರೂ ಮಾರಾಟ ಜಾಹೀರಾತಿನ ಖಾತೆಗೇ ಜಮೆಯಾಗುತ್ತದೆ. ಮದುವೆ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಹೋಗುತ್ತಿರುವವರ ಕೈಗೆ ಆಮಂತ್ರಣ ಪತ್ರ ಕೊಟ್ಟು, ಇವರನ್ನೆಲ್ಲ ಕರೆದವನು ನಾನೇ ಎಂದಂತೆ. ಕೊಳ್ಳುವ ಸಾಧ್ಯತೆ ಹೆಚ್ಚಿರುವವರನ್ನು ಹುಡುಕಿ ತೋರಿಸುವುದೇ ಈ ಜಾಲಗಳ ಕಸುಬು. ಬ್ರ್ಯಾಂಡ್ ದೊಡ್ಡದಾದಷ್ಟೂ ಬಾಗಿಲಲ್ಲಿ ಇಂಥವರ ಸಾಲು ಉದ್ದ.

2012ರಲ್ಲಿ ಆನ್‌ಲೈನ್ ಮಾರುಕಟ್ಟೆ ನಡೆಸುವ ಇಬೇ ಕಂಪನಿ, ಸರ್ಚ್ ಎಂಜಿನ್‌ಗಳಲ್ಲಿ ತನ್ನ ಹೆಸರನ್ನೇ ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತುಗಳನ್ನು ನಿಲ್ಲಿಸಿ ನೋಡಿತು. ಕೈತಪ್ಪಬೇಕಿದ್ದ ಕ್ಲಿಕ್ಕುಗಳಲ್ಲಿ ಶೇ 99ಕ್ಕೂ ಹೆಚ್ಚು ಹುಡುಕಾಟದ ಫಲಿತಾಂಶದಲ್ಲಿ ತಾನಾಗಿ ಕಾಣುವ ಉಚಿತ ಕೊಂಡಿಯ ಮೂಲಕ ಬಂದೇ ಬಂದವು. ಅದು ಹುಡುಕಾಟದ ಜಾಹೀರಾತು ನಿಜ, ಆದರೆ ರೋಗ ಇದೇ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಕಂಡಿತು: ಹೊಸಬರ ಮೇಲೆ, ಅಪರೂಪಕ್ಕೆ ಕೊಳ್ಳುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು. ನಿಮ್ಮ ಹಣ ಹೋಗಬೇಕಾದದ್ದು ಅಲ್ಲಿಗೆ.

ಸೋಪು, ಶಾಂಪೂ ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಈ ಪಾಠವನ್ನು ದುಬಾರಿ ಶುಲ್ಕ ಕೊಟ್ಟು ಕಲಿಯಿತು. ಫೇಸ್‌ಬುಕ್‌ನಲ್ಲಿ ತೀರಾ ಸಣ್ಣ ಗುಂಪುಗಳಿಗೆ ಗುರಿಯಿಟ್ಟದ್ದು ಅತಿಯಾಯಿತು ಎಂದು 2016ರಲ್ಲಿ ಒಪ್ಪಿಕೊಂಡಿತು. 2017ರ ಏಪ್ರಿಲ್‌–ಜೂನ್ ತ್ರೈಮಾಸಿಕದಲ್ಲಿ ಡಿಜಿಟಲ್ ಜಾಹೀರಾತಿನಿಂದ 10 ಕೋಟಿ ಡಾಲರಿಗೂ ಹೆಚ್ಚು ಕಡಿತ ಮಾಡಿತು. ವ್ಯವಹಾರದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಆಗಲಿಲ್ಲ. ಸೋಪು ಎಲ್ಲರಿಗೂ ಬೇಕು. ಅದನ್ನು ಇಂತಿಷ್ಟು ವಯಸ್ಸಿನ, ಇಂತಿಂಥ ಹವ್ಯಾಸದ ಜನಕ್ಕೆ ಮಾತ್ರ ತೋರಿಸುವ ಜಾಣತನ ನನಗೆ ಎಂದೂ ಅರ್ಥವಾಗಿಲ್ಲ.

ನಿಮಗೆ ನನ್ನ ಸಲಹೆ ಇಷ್ಟೇ. ಮಾರಾಟದಲ್ಲಿ ಹೆಚ್ಚುಕಡಿಮೆ ಸರಿಸಮನಾದ ಪ್ರದೇಶಗಳನ್ನು ಆರಿಸಿ, ಅರ್ಧದಲ್ಲಿ ಎಂಟು ವಾರ ಜಾಹೀರಾತು ನಿಲ್ಲಿಸಿ. ಆಮೇಲೆ ಆನ್‌ಲೈನು, ಅಂಗಡಿ ಎರಡೂ ಸೇರಿದ ಒಟ್ಟು ಮಾರಾಟವನ್ನು ಹೋಲಿಸಿ. ಏಜೆನ್ಸಿಯವರು ಬೇಡವೆನ್ನುತ್ತಾರೆ, ಅವರ ಸಂಭಾವನೆ ಖರ್ಚಿನ ಶೇಕಡಾವಾರು ಇದ್ದರಂತೂ ಇನ್ನೂ ಗಟ್ಟಿಯಾಗಿ ಬೇಡವೆನ್ನುತ್ತಾರೆ. ನಾನು ಸಲಹೆಗಾರನಾಗಿದ್ದ ಕಂಪನಿಯೊಂದರಲ್ಲಿ ಪಾವತಿಯ ಕಾರ್ಡಿನ ಅವಧಿ ಮುಗಿದು ಒಂದು ಪ್ರದೇಶದ ಜಾಹೀರಾತು ಮೂರು ವಾರ ನಿಂತೇ ಹೋಗಿತ್ತು. ಪತ್ತೆ ಹಚ್ಚಿದ್ದು ಲೆಕ್ಕಪತ್ರ ವಿಭಾಗ, ಬಿಲ್ ಬಂದಿಲ್ಲವೆಂದು.

ಹಾಗೆಂದು ಎಲ್ಲವನ್ನೂ ಮುಚ್ಚಬೇಡಿ. ದೊಡ್ಡ ಬ್ರ್ಯಾಂಡಿನ ಹೆಸರು ಜನರ ಮನಸ್ಸಿನಿಂದ ಜಾರುವುದು ನಿಧಾನ. ಎಂಟು ವಾರದಲ್ಲಿ ಅದು ಕಾಣುವುದಿಲ್ಲ. ಹೊಸ ಉತ್ಪನ್ನ ಬಿಡುವಾಗ, ವರ್ಷಕ್ಕೊಮ್ಮೆ ಕೊಳ್ಳುವವರಿಗೆ ನೆನಪಿಸಲು ಈ ಮಾಧ್ಯಮ ಚೆನ್ನಾಗಿಯೇ ದುಡಿಯುತ್ತದೆ. ವಿಡಿಯೊ ಆದರೆ ಹೆಸರು ಮೊದಲ ಎರಡು ಸೆಕೆಂಡಿನಲ್ಲೇ ಕಾಣಲಿ. ಕಥೆ ಕಟ್ಟಿ ಕೊನೆಯಲ್ಲಿ ಲೋಗೊ ತೋರಿಸುವ ಹೊತ್ತಿಗೆ ಹೆಬ್ಬೆರಳು ಮುಂದಕ್ಕೆ ಹೋಗಿರುತ್ತದೆ. ಜನ ಎಷ್ಟು ಹೊತ್ತು ನೋಡಿದರೆಂಬ ಲೆಕ್ಕವನ್ನೂ ಕಣ್ಣುಮುಚ್ಚಿ ನಂಬಬೇಡಿ: ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟು ಸರಾಸರಿ ತೆಗೆದಿದ್ದರಿಂದ ವೀಕ್ಷಣೆಯ ಸಮಯ ಹಿಗ್ಗಿ ಕಂಡಿತ್ತೆಂದು 2016ರಲ್ಲಿ ಫೇಸ್‌ಬುಕ್ ತಾನೇ ಒಪ್ಪಿಕೊಂಡಿದೆ.

ಪ್ರಶ್ನೆ: 2020ರ ಜುಲೈನಲ್ಲಿ ಸಾವಿರಕ್ಕೂ ಹೆಚ್ಚು ಕಂಪನಿಗಳು ಫೇಸ್‌ಬುಕ್‌ಗೆ ಜಾಹೀರಾತು ನಿಲ್ಲಿಸಿದ್ದವಲ್ಲ, ಅದರಿಂದ ಏನು ತಿಳಿಯಿತು?

ಉತ್ತರ: ದೊಡ್ಡ ಬ್ರ್ಯಾಂಡುಗಳಿಲ್ಲದೆಯೂ ಫೇಸ್‌ಬುಕ್ ಬದುಕುತ್ತದೆ ಎಂಬುದು. ಆ ತ್ರೈಮಾಸಿಕದಲ್ಲಿ ಅದರ ವರಮಾನ ಹಿಂದಿನ ವರ್ಷಕ್ಕಿಂತ ಶೇ 22ರಷ್ಟು ಏರಿತು. ಅದಕ್ಕೂ ಹಿಂದಿನ ತ್ರೈಮಾಸಿಕದಲ್ಲಿ ಮೊದಲ ನೂರು ಜಾಹೀರಾತುದಾರರ ಪಾಲು ಶೇ 16 ಮಾತ್ರ ಇತ್ತು. ಫೇಸ್‌ಬುಕ್ ಇಲ್ಲದೆ ಬ್ರ್ಯಾಂಡುಗಳು ಬದುಕುತ್ತವೆಯೇ ಎಂಬುದಕ್ಕೆ ಮಾತ್ರ ಅಲ್ಲಿ ಉತ್ತರ ಹುಡುಕಬೇಡಿ. ಅದೇ ಹೊತ್ತಿಗೆ ಕೊರೊನಾ ಎಲ್ಲರ ಮಾರಾಟವನ್ನೂ ಅಡಿಮೇಲು ಮಾಡಿತ್ತು.